ಗೌಜಲ ಗರಿಯ ಎರಡು ಸುತ್ತು

"ಇದು ಯಾವ ಹುಳು?" ನಾನು ಕಟ್ಟಿದ ಪಾರ್ಟ್ರಿಜ್ ಅಂಡ್ ಆರೆಂಜ್ ಫ್ಲೈಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದವರು ಬಹುಪಾಲು ಇದನ್ನೇ ಕೇಳುತ್ತಾರೆ. ಟ್ರೌಟ್ ಮೀನು ಹುಳು ತಿನ್ನುತ್ತದೆ, ಅದಕ್ಕೆ ಗಾಳ ಹಾಕುವವರು ಗರಿ, ನೂಲುಗಳಿಂದ ಹುಳುವಿನಂಥ 'ಫ್ಲೈ'ಯನ್ನು ಕೊಕ್ಕೆಯ ಮೇಲೆ ಕಟ್ಟುತ್ತಾರೆ ಎಂದು ತಿಳಿದ ಮೇಲೆ, ರೆಕ್ಕೆ ಎಲ್ಲಿ, ಬಾಲ ಎಲ್ಲಿ, ಕಣ್ಣು ಎಲ್ಲಿ ಎಂದು ಹುಡುಕುವುದು ಸಹಜ. ಈ ಫ್ಲೈಯಲ್ಲಿ ಅವು ಯಾವುವೂ ಇಲ್ಲ. ಸಣ್ಣ ಕೊಕ್ಕೆಯ ಬೆನ್ನಿನ ಮೇಲೆ ಒಂದೇ ಪದರವಾಗಿ ಸುತ್ತಿದ ಕಿತ್ತಳೆ ಬಣ್ಣದ ರೇಷ್ಮೆ, ತಲೆಯ ಬಳಿ ಗೌಜಲಹಕ್ಕಿಯ ಕಂದು ಚುಕ್ಕೆಗಳ ಗರಿಯಿಂದ ಬಂದ ಹತ್ತು ಹನ್ನೆರಡು ಎಳೆಗಳು, ಅಷ್ಟೇ. ಅದರ ಪಕ್ಕದಲ್ಲೇ ರೆಕ್ಕೆ, ಕಾಲು, ಹೊಟ್ಟೆಯ ಗೀರುಗಳೆಲ್ಲ ಇರುವ ಬೇರೊಂದು ಫ್ಲೈಯನ್ನು ಇಟ್ಟರೆ ಎಲ್ಲರ ಕೈಯೂ ಅದರ ಕಡೆಗೇ ಹೋಗುತ್ತದೆ. ಆದರೆ ಇಂಗ್ಲೆಂಡಿನ ಉತ್ತರ ಭಾಗದ ನದಿಗಳಲ್ಲಿ ಗಾಳ ಹಾಕುವ ಅನುಭವಿಗಳಿಗೆ ಒಂದೇ ಫ್ಲೈ ಸಾಕು ಎಂದು ಷರತ್ತು ಹಾಕಿದರೆ, ಅವರಲ್ಲಿ ಹಲವರು ಈ ಬೋಳು ಫ್ಲೈಯನ್ನೇ ಆರಿಸಿಕೊಳ್ಳುತ್ತಾರೆ.

ಈ ಅಂತರ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ಮನುಷ್ಯನ ಕಣ್ಣಿಗೆ ಏನೂ ಅಲ್ಲದ ಒಂದು ವಸ್ತು ಮೀನಿನ ಕಣ್ಣಿಗೆ ಆಹಾರವಾಗಿ ಕಾಣುವುದು ಹೇಗೆ? "ಇದು ನಿರ್ದಿಷ್ಟವಾಗಿ ಯಾವ ಹುಳುವೂ ಅಲ್ಲ, ಹಲವು ಹುಳುಗಳಂತೆ ಕಾಣುತ್ತದೆ" ಎಂಬ ರೂಢಿಯ ಉತ್ತರವೊಂದಿದೆ. ಅದು ಸುಳ್ಳಲ್ಲ. ಆದರೆ ಯಾವುದೋ ಒಂದು ಕಂದು ಕಸವೂ ಹಲವು ಹುಳುಗಳಂತೆ ಕಾಣಬಹುದು. ಅದನ್ನು ಟ್ರೌಟ್ ತಿನ್ನುವುದಿಲ್ಲ. ಈ ಗರಿ, ಈ ನೂಲು, ಈ ಅಳತೆಯೇ ಯಾಕೆ ಎಂಬುದಕ್ಕೆ ಆ ಉತ್ತರದಲ್ಲಿ ಜಾಗವಿಲ್ಲ.

ನೀರಿನ ಮೇಲ್ಮೈಯಲ್ಲಿ ನಡೆಯುವುದು

ಉದ್ಯೋಗದ ಕಾರಣಕ್ಕೆ ಯಾರ್ಕ್‌ಷೈರ್‌ನಲ್ಲಿದ್ದ ಕಾಲದಲ್ಲಿ ನನಗೆ ಫ್ಲೈ ಕಟ್ಟುವುದನ್ನು ಕಲಿಸಿದ ಹಿರಿಯರೊಬ್ಬರು ಒಂದು ಏಪ್ರಿಲ್ ಮಧ್ಯಾಹ್ನ ವಾರ್ಫ್ ನದಿಗೆ ಕರೆದುಕೊಂಡು ಹೋಗಿದ್ದರು. ಬರ್ನ್‌ಸಾಲ್ ಸೇತುವೆಯಿಂದ ಕೆಳಕ್ಕೆ, ದಂಡೆಯ ಹುಲ್ಲಿನಲ್ಲಿ ಕುರಿಮರಿಗಳು ಓಡಾಡುತ್ತಿದ್ದವು. ಮೇಲಿನ ಗುಡ್ಡಗಳ ಪೀಟ್ ಮಣ್ಣನ್ನು ತೊಳೆದುಕೊಂಡು ಬಂದ ನೀರಿಗೆ ತೆಳುವಾದ ಕಂದು ಛಾಯೆ ಇತ್ತು. ಗಾಳದ ಕೋಲನ್ನು ಬೇಲಿಗೆ ಒರಗಿಸಿ, ಅವರು ನನ್ನನ್ನು ದಂಡೆಯ ಮೇಲೆ ಬೋರಲಾಗಿ ಮಲಗಲು ಹೇಳಿದರು. ಕಲ್ಲೊಂದರ ಹಿಂದೆ ನೀರು ನಿಧಾನವಾಗಿ ಸುಳಿದುಕೊಳ್ಳುವ ಒಂದು ಸಣ್ಣ ಜಾಗವಿತ್ತು. "ಅಲ್ಲಿ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿ, ಮೀನನ್ನು ಮರೆತುಬಿಡಿ" ಎಂದರು.

ಮೊದಲು ಕಂಡದ್ದು ನೊರೆ ಮತ್ತು ಹುಲ್ಲಿನ ಚೂರುಗಳು ಮಾತ್ರ. ಸ್ವಲ್ಪ ಹೊತ್ತಿನ ನಂತರ ಅವುಗಳ ನಡುವೆ ಹುಳುಗಳು ಕಾಣತೊಡಗಿದವು. ಲಾರ್ಜ್ ಡಾರ್ಕ್ ಆಲಿವ್ ಎಂದು ಅಲ್ಲಿ ಕರೆಯುವ, ಮೇಫ್ಲೈ ಜಾತಿಯ ಹುಳುಗಳು ಹೊರಬರುವ ಹೊತ್ತು ಅದು. ಈ ಹುಳು ತನ್ನ ಬದುಕಿನ ಬಹುಭಾಗವನ್ನು ನದಿಯ ತಳದ ಕಲ್ಲುಗಳ ನಡುವೆ, ನೀರೊಳಗೇ ಕಳೆಯುತ್ತದೆ. ಬೆಳೆದ ಮೇಲೆ ಮೇಲಕ್ಕೆ ಈಜಿ ಬಂದು, ನೀರಿನ ಮೇಲ್ಮೈಯಲ್ಲಿ ತನ್ನ ಹಳೆಯ ಪೊರೆಯನ್ನು ಬಿರಿದು, ರೆಕ್ಕೆಯೊಂದಿಗೆ ಹೊರಬರಬೇಕು. ಕೇಳುವುದಕ್ಕೆ ಸುಲಭ. ನಾನು ಕಂಡದ್ದು ಬೇರೆ. ಒಂದರ ತಲೆ ಮತ್ತು ಎದೆ ಹೊರಬಂದಿತ್ತು, ಹಿಂಭಾಗ ಇನ್ನೂ ಪೊರೆಯೊಳಗೇ ಸಿಕ್ಕಿಕೊಂಡಿತ್ತು. ಇನ್ನೊಂದರ ಒಂದು ರೆಕ್ಕೆ ಬಿಡಿಸಿಕೊಂಡಿತ್ತು, ಮತ್ತೊಂದು ಮುದುಡಿ ನೀರಿಗೆ ಅಂಟಿಕೊಂಡಿತ್ತು. ಮೂರನೆಯದು ಮೇಲ್ಮೈಯನ್ನು ಸೀಳಲಾಗದೆ ಅದರ ಕೆಳಗೇ ಕಾಲುಗಳನ್ನು ಅಲುಗಿಸುತ್ತ ತೇಲುತ್ತಿತ್ತು. ನಮಗೆ ಕಾಣದಷ್ಟು ತೆಳುವಾದ ನೀರಿನ ಮೇಲ್ಮೈ ಆ ಗಾತ್ರದ ಜೀವಿಗೆ ಒಡೆದು ದಾಟಬೇಕಾದ ಗೋಡೆ. ದಾಟುವಷ್ಟು ಹೊತ್ತು ಅದು ಹಾರಲಾರದು, ಮರಳಿ ತಳಕ್ಕೂ ಹೋಗಲಾರದು. ಟ್ರೌಟ್ ಕಾಯುವುದು ಈ ಹೊತ್ತಿಗೆ.

ಪುಸ್ತಕದಲ್ಲಿ ಅಚ್ಚಾದ ಮೇಫ್ಲೈ ಚಿತ್ರಗಳಲ್ಲಿ ರೆಕ್ಕೆ ನೆಟ್ಟಗೆ ನಿಂತಿರುತ್ತದೆ, ಬಾಲದ ಎಳೆಗಳು ಅಚ್ಚುಕಟ್ಟಾಗಿ ಬಿಡಿಬಿಡಿಯಾಗಿರುತ್ತವೆ. ಆ ಸುಳಿಯಲ್ಲಿ ಅಂಥದ್ದು ಒಂದೂ ಇರಲಿಲ್ಲ. ಅಲ್ಲಿ ಇದ್ದದ್ದು ಅರ್ಧ ಆಗಿದ್ದು, ಅರ್ಧ ಆಗಬೇಕಾಗಿದ್ದು. ಎಲ್ಲಿ ಕಾಲು ಮುಗಿಯಿತು, ಎಲ್ಲಿ ಪೊರೆ ಆರಂಭವಾಯಿತು ಎಂದು ಹೇಳಲಾಗದ ಒಂದು ಚಲನೆ. ಹಿರಿಯರು ನನ್ನ ಪಕ್ಕದಲ್ಲಿ ಮಂಡಿಯೂರಿ, ತಮ್ಮ ಟೋಪಿಗೆ ಚುಚ್ಚಿಕೊಂಡಿದ್ದ ಒಂದು ಪಾರ್ಟ್ರಿಜ್ ಅಂಡ್ ಆರೆಂಜನ್ನು ತೆಗೆದು, ಎಂಜಲಿನಲ್ಲಿ ಒದ್ದೆ ಮಾಡಿ ಅದೇ ಸುಳಿಗೆ ಹಾಕಿದರು. ಒಣಗಿದ್ದಾಗ ನಿಷ್ಪ್ರಯೋಜಕವೆಂಬಂತೆ ಕಂಡಿದ್ದ ಗರಿಯ ಎಳೆಗಳು, ಬೇಸಿಗೆಯಲ್ಲಿ ಬತ್ತಿದ ಪಾಚಿ ಮೊದಲ ಮಳೆಗೆ ಅರಳುವಂತೆ, ಒಂದೊಂದಾಗಿ ಬಿಡಿಸಿಕೊಂಡವು. ನೀರು ಎಳೆದಾಗ ದೇಹಕ್ಕೆ ಒತ್ತಿಕೊಂಡವು, ಬಿಟ್ಟಾಗ ಮತ್ತೆ ತೆರೆದುಕೊಂಡವು. ಪಕ್ಕದಲ್ಲಿ ತೇಲುತ್ತಿದ್ದ ಹುಳುವಿನ ಅಂಗರಚನೆಗೂ ಇದಕ್ಕೂ ಸಂಬಂಧವಿರಲಿಲ್ಲ. ಎರಡೂ ಮಾಡುತ್ತಿದ್ದ ಕೆಲಸ ಮಾತ್ರ ಒಂದೇ ಆಗಿತ್ತು. ಹಿರಿಯರು ಯಾವ ವಿವರಣೆಯನ್ನೂ ಕೊಡಲಿಲ್ಲ. ಫ್ಲೈಯನ್ನು ಎತ್ತಿ, ಊದಿ, ಮತ್ತೆ ಟೋಪಿಗೆ ಚುಚ್ಚಿಕೊಂಡರು.

ಮೀನು ನೋಡುವ ಕೋನವನ್ನೂ ಇಲ್ಲಿ ಸೇರಿಸಬೇಕು. ಬೆಳಕು ನೀರಿಗೆ ಬರುವಾಗ ಬಾಗುವುದರಿಂದ, ಕೆಳಗಿರುವ ಟ್ರೌಟ್‌ಗೆ ಹೊರಜಗತ್ತೆಲ್ಲ ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ, ಸುಮಾರು 97 ಡಿಗ್ರಿಯ ಶಂಕುವಿನೊಳಗೆ ಕಾಣುತ್ತದೆ. ಆ ಕಿಟಕಿಯ ಆಚೆ ನೀರಿನ ಮೇಲ್ಮೈ ಕನ್ನಡಿಯಾಗಿ ನದಿಯ ತಳವನ್ನೇ ಪ್ರತಿಫಲಿಸುತ್ತದೆ. ಹರಿವಿನಲ್ಲಿ ಬರುವ ಫ್ಲೈಯನ್ನು ಮೀನು ಮೊದಲು ನೋಡುವುದು ಈ ಕನ್ನಡಿಯ ಕೆಳಗೆ, ಅದರ ಪ್ರತಿಬಿಂಬದ ಜೊತೆ, ಅಲುಗಾಡುತ್ತಿರುವಾಗ. ತೀರ್ಮಾನಕ್ಕೆ ಸಿಗುವ ಸಮಯವೂ ತೀರ ಕಡಿಮೆ. ನಾವು ಮೇಜಿನ ದೀಪದಡಿ ಭೂತಗನ್ನಡಿ ಹಿಡಿದು ಮೆಚ್ಚಿಕೊಳ್ಳುವ ಕಣ್ಣು, ರೆಕ್ಕೆಯ ನರ, ಹೊಟ್ಟೆಯ ಗೆರೆಗಳೆಲ್ಲ ಅಲ್ಲಿ ಯಾವ ಲೆಕ್ಕಕ್ಕೂ ಬರುವುದಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅವೆಲ್ಲ ಚಲನೆಯ ನಂತರದ ಮಾತು.

ಕಟ್ಟುವುದು

ಫ್ಲೈ ಕಟ್ಟುವ ವಿಧಾನ ಹೇಳಿದರೆ ಒಂದು ಉಸಿರಿನಲ್ಲಿ ಮುಗಿಯುತ್ತದೆ. 14ನೇ ಸಂಖ್ಯೆಯ ಕೊಕ್ಕೆ, ಮೇಣ ಹಚ್ಚಿದ ಕಿತ್ತಳೆ ರೇಷ್ಮೆ ನೂಲು, ಒಂದು ಗರಿ. ಆದರೆ ಇದರ ಒಂದೊಂದು ಹೆಜ್ಜೆಯಲ್ಲೂ ನಿಲ್ಲಬೇಕಾದ ಕಾರಣಗಳಿವೆ.

ಮೊದಲು ಗರಿ. ಇಂಗ್ಲೆಂಡಿನ ಬೂದು ಗೌಜಲಹಕ್ಕಿಯ ಬೆನ್ನಿನಿಂದ ಆಯ್ದ, ಕಂದು ಬಣ್ಣದ ಮೇಲೆ ನಸುಬಿಳಿ ಮತ್ತು ಕಪ್ಪು ಚುಕ್ಕೆಗಳಿರುವ ಗರಿ ಬೇಕು. ಕೊಕ್ಕೆಯ ಗಾತ್ರಕ್ಕೆ ತಕ್ಕ ಗರಿ ಸಿಗುವುದೇ ಕಷ್ಟ. ಎಳೆಯ ಉದ್ದ ಕೊಕ್ಕೆಯ ಬಾಗಿನವರೆಗೆ, ಹೆಚ್ಚೆಂದರೆ ಅದಕ್ಕಿಂತ ತುಸು ಆಚೆಗೆ ಬರಬೇಕು. ಬೆನ್ನಿನ ಗರಿಗಳು ಬಹುಪಾಲು ಅದಕ್ಕಿಂತ ದೊಡ್ಡವು; ಕುತ್ತಿಗೆಯ ಕಡೆಗೆ ಹೋದಂತೆ ಸಣ್ಣವು ಸಿಗುತ್ತವೆ. ಬುಡದ ಬೂದು ತುಪ್ಪಳವನ್ನು ಕಿತ್ತು, ತುದಿಯ ಕೆಲವೇ ಎಳೆಗಳನ್ನು ಬಿಟ್ಟು ಉಳಿದವನ್ನು ಬೆರಳಿನಿಂದ ಹಿಂದಕ್ಕೆ ನೇವರಿಸಬೇಕು. ನಂತರ ನಾನು ನಡುದಂಟಿನ ಒಂದು ಬದಿಯ ಎಳೆಗಳನ್ನು ಪೂರ್ತಿಯಾಗಿ ಕಿತ್ತುಬಿಡುತ್ತೇನೆ. ಕೆಲವರು ಹಾಗೆ ಮಾಡದೆ ಎರಡೂ ಬದಿಗಳನ್ನು ಉಳಿಸಿ ಸುತ್ತನ್ನು ಕಡಿಮೆ ಮಾಡುತ್ತಾರೆ. ಎರಡರಲ್ಲಿ ನನಗೆ ಒಂದು ಬದಿಯದೇ ಇಷ್ಟ, ಯಾಕೆಂದರೆ ಎರಡು ಸುತ್ತು ಹಾಕಿದರೂ ಎಳೆಗಳು ಒಂದರ ಮೇಲೊಂದು ಏರದೆ ಸುತ್ತಲೂ ಹರಡಿಕೊಳ್ಳುತ್ತವೆ.

ಗೌಜಲ ಗರಿಯನ್ನೇ ಯಾಕೆ? ಹುಂಜದ ಕುತ್ತಿಗೆಯ ಗರಿ ಗಟ್ಟಿ, ಹೊಳಪಿನದು. ನೀರಿನ ಮೇಲೆ ತೇಲಬೇಕಾದ ಫ್ಲೈಗೆ ಆ ಗಡಸುತನ ಬೇಕು, ಅದು ಮೇಲ್ಮೈಯ ಮೇಲೆ ಊರಿ ನಿಲ್ಲುತ್ತದೆ. ಗೌಜಲಹಕ್ಕಿಯ ಎಳೆ ಮೃದು. ಬೇಗ ನೀರು ಹಿಡಿಯುತ್ತದೆ, ತುಸುವೇ ಹರಿವಿಗೂ ಬಾಗುತ್ತದೆ, ಆದರೆ ಪೂರ್ತಿ ಸೋತು ಕೊಕ್ಕೆಗೆ ಅಂಟಿಕೊಳ್ಳುವುದಿಲ್ಲ. ಜೊತೆಗೆ ಆ ಚುಕ್ಕೆಗಳು. ಒಂದೇ ಬಣ್ಣದ ಎಳೆ ನೀರಿನಲ್ಲಿ ಒಂದು ಗೆರೆಯಾಗಿ ಕಾಣುತ್ತದೆ. ಕಪ್ಪು ಬಿಳುಪು ಬೆರೆತ ಎಳೆ ಅಲ್ಲಲ್ಲಿ ಕಾಣಿಸಿ ಅಲ್ಲಲ್ಲಿ ಮಾಯವಾಗುತ್ತದೆ, ಅಲುಗದೆ ಇದ್ದಾಗಲೂ ಅಲುಗಿದಂತಿರುತ್ತದೆ.

ನೂಲಿನ ವಿಷಯ ಇನ್ನೂ ಸೂಕ್ಷ್ಮ. ಈ ಫ್ಲೈಗೆ ದೇಹವೆಂದು ಬೇರೆ ವಸ್ತುವಿಲ್ಲ; ಕಟ್ಟುವ ನೂಲೇ ದೇಹ. ತಲೆಮಾರುಗಳ ಕಾಲ ಪಿಯರ್ಸಾಲ್ಸ್ ಕಂಪನಿಯ ಗಾಸಮರ್ ರೇಷ್ಮೆಯಲ್ಲಿ 6ಎ ಎಂಬ ಸಂಖ್ಯೆಯ ಕಿತ್ತಳೆಯೇ ಇದಕ್ಕೆ ಪ್ರಮಾಣವಾಗಿತ್ತು. ಆ ನೂಲಿನ ತಯಾರಿಕೆ ನಿಂತುಹೋಗಿದೆ, ಹಳೆಯ ಉರುಳೆಗಳನ್ನು ಇಟ್ಟುಕೊಂಡವರು ಜೋಪಾನ ಮಾಡಿಕೊಂಡಿದ್ದಾರೆ. ಬದಲಿ ರೇಷ್ಮೆ ಸಿಗುತ್ತದೆ, ಆದರೆ ಅಂಗಡಿಯ ಬೆಳಕಿನಲ್ಲಿ ಉರುಳೆಯ ಮೇಲಿನ ಬಣ್ಣ ನೋಡಿ ಆರಿಸುವುದು ವ್ಯರ್ಥ. ರೇಷ್ಮೆ ಒದ್ದೆಯಾದಾಗ ಅರೆಪಾರದರ್ಶಕವಾಗುತ್ತದೆ, ಒಳಗಿನ ಕೊಕ್ಕೆಯ ಕಪ್ಪು ಅದರ ಮೂಲಕ ಹೊಮ್ಮುತ್ತದೆ. ಒಣಗಿದಾಗ ಕಣ್ಣು ಚುಚ್ಚುವ ಕಿತ್ತಳೆ ನೀರಿನಲ್ಲಿ ಜೇನುಗಂದು ಬಣ್ಣಕ್ಕೆ ತಿರುಗುತ್ತದೆ. ಮೇಣವೂ ಇದರಲ್ಲಿ ಪಾಲುದಾರ. ಚಮ್ಮಾರರು ಬಳಸುವ ಕಪ್ಪು ರಾಳದ ಮೇಣ ನೂಲನ್ನು ಇನ್ನಷ್ಟು ಗಾಢಗೊಳಿಸುತ್ತದೆ, ಬಿಳಿ ಜೇನುಮೇಣ ಅಷ್ಟಾಗಿ ಬಣ್ಣ ಬದಲಿಸುವುದಿಲ್ಲ. ಪಾಲಿಯೆಸ್ಟರ್ ನೂಲು ಬಲವಾದದ್ದು, ಅಗ್ಗದ್ದು, ಆದರೆ ಒದ್ದೆಯಾದರೂ ಒಣಗಿದರೂ ಬಹುತೇಕ ಅದೇ ಕಿತ್ತಳೆಯಾಗಿಯೇ ಉಳಿಯುತ್ತದೆ. ಅದರಲ್ಲಿ ಕಟ್ಟಿದ ಫ್ಲೈಗೆ ಮೀನು ಸಿಗಬಹುದು. ಅದನ್ನು ಪಾರ್ಟ್ರಿಜ್ ಅಂಡ್ ಆರೆಂಜ್ ಎಂದು ಕರೆಯಲು ಮಾತ್ರ ನನಗೆ ಮನಸ್ಸು ಬರುವುದಿಲ್ಲ.

ಆ ಹಿರಿಯರು ಕೊಕ್ಕೆಯನ್ನು ಕಚ್ಚಿ ಹಿಡಿಯುವ ವೈಸ್ ಬಳಸುತ್ತಿರಲಿಲ್ಲ. ಅಡುಗೆಮನೆಯ ಮೇಜಿನ ಬಳಿ, ಕಿಟಕಿಗೆ ಮುಖ ಮಾಡಿ ಕುಳಿತು, ಕೊಕ್ಕೆಯ ಬಾಗನ್ನು ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದುಕೊಳ್ಳುತ್ತಿದ್ದರು. ಅವರು ಕಲಿತದ್ದು ತಂದೆಯಿಂದ, ತಂದೆ ಕಲಿತಾಗ ಎಲ್ಲರೂ ಕೈಯಲ್ಲೇ ಕಟ್ಟುತ್ತಿದ್ದರಂತೆ. ಮೇಣದ ಉಂಡೆಯನ್ನು ಬೆರಳುಗಳ ನಡುವೆ ಹೊರಳಿಸಿ ಬಿಸಿ ಮಾಡಿ, ನೂಲನ್ನು ಅದರ ಮೂಲಕ ಒಮ್ಮೆ ಸರ್ರನೆ ಎಳೆಯುವಾಗ ಒಂದು ಸಣ್ಣ ಕಿರುಗುಟ್ಟುವಿಕೆ ಕೇಳಿಸುತ್ತಿತ್ತು. ಮೇಣ ಸಾಕಾಯಿತೇ ಎಂಬುದನ್ನು ಅವರು ಆ ಸದ್ದಿನಿಂದಲೇ ತಿಳಿಯುತ್ತಿದ್ದರು. ತಲೆಯ ಹಿಂದಿನಿಂದ ಆರಂಭಿಸಿ ಸುತ್ತಿಗೆ ಸುತ್ತು ತಾಗುವಂತೆ ಹಿಂದಕ್ಕೆ ಹೋಗಿ, ಕೊಕ್ಕೆಯ ಚೂಪು ತುದಿಯ ನೇರಕ್ಕೆ ನಿಲ್ಲಿಸಿ, ಮತ್ತೆ ಮುಂದಕ್ಕೆ. ನನ್ನ ನೋಟ ಸದಾ ಆ ನಿಲ್ಲಿಸುವ ಜಾಗದ ಮೇಲಿತ್ತು. ಇನ್ನೂ ಮುಂದೆ, ಬಾಗಿನೊಳಕ್ಕೆ ಸುತ್ತಲು ಜಾಗವಿದೆ, ನೂಲೂ ಇದೆ. ಅಲ್ಲಿಗೆ ಹೋದರೆ ದೇಹ ಉದ್ದವಾಗುತ್ತದೆ, ಎಳೆಗಳು ಅದನ್ನು ಮುಚ್ಚಲಾರವು ಎಂದು ಅವರು ವಿವರಿಸಿದರು. ಗರಿಯನ್ನು ಸುತ್ತುವಾಗ ಮಾತು ನಿಲ್ಲಿಸುತ್ತಿದ್ದರು. ಒಂದು ಸುತ್ತು, ಎರಡನೆಯದು, ಅಲ್ಲಿಗೆ ಮುಗಿಯಿತು. ಇನ್ನೂ ಬೆರಳುದ್ದ ಒಳ್ಳೆಯ ಗರಿ ಉಳಿದಿರುವಾಗಲೇ ಕತ್ತರಿ. ನಂತರ ನೂಲನ್ನು ಎಳೆಗಳ ನಡುವಿನಿಂದ ಮುಂದಕ್ಕೆ ತಂದು, ಬೆರಳಿನಿಂದಲೇ ಕುಣಿಕೆ ಹಾಕಿ ಗಂಟನ್ನು ಒಳಗೆಳೆದರೆ ತಲೆ ಸಾಸಿವೆಗಿಂತ ಸಣ್ಣದಾಗಿ ನಿಲ್ಲುತ್ತಿತ್ತು.

ಮೂರನೆಯ ಸುತ್ತು ಯಾಕೆ ಬೇಡ ಎಂಬುದು ಫ್ಲೈ ಕಟ್ಟುವವರ ಕೈಗೆ ಎಲ್ಲಕ್ಕಿಂತ ತಡವಾಗಿ ಬರುವ ತಿಳಿವಳಿಕೆ ಎಂದು ನನಗೆ ಅನ್ನಿಸುತ್ತದೆ. ಮೂರನೆಯ ಸುತ್ತಿನಿಂದ ಫ್ಲೈ ನೋಡಲು ನಿಜಕ್ಕೂ ಚೆನ್ನಾಗಿ ಕಾಣುತ್ತದೆ, ತುಂಬಿಕೊಳ್ಳುತ್ತದೆ, ದುಂಡಗಾಗುತ್ತದೆ. ಆದರೆ ಎಳೆಗಳು ಒಂದಕ್ಕೊಂದು ಆಸರೆಯಾಗಿಬಿಡುತ್ತವೆ. ಆಸರೆ ಸಿಕ್ಕಿದ ಎಳೆ ಹರಿವಿಗೆ ಬಾಗುವುದಿಲ್ಲ. ಎಳೆಗಳ ನಡುವೆ ನೀರು ನುಗ್ಗಲು ಜಾಗವಿಲ್ಲದೆ ಎಲ್ಲವೂ ಒಟ್ಟಾಗಿ ಒಂದು ಮುದ್ದೆಯಂತೆ ಚಲಿಸುತ್ತದೆ. ಫ್ಲೈಯ ಕೊನೆಯ ಭಾಗವನ್ನು ಕಟ್ಟುವುದು ನದಿ. ಅದಕ್ಕೆ ಕೆಲಸ ಉಳಿಸುವುದಕ್ಕಾಗಿಯೇ ಎರಡು ಸುತ್ತು.

ಹಳೆಯ ಕೈಗಳು

1496ರಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾದ, ಗಾಳ ಹಾಕುವ ಬಗೆಗಿನ ಗ್ರಂಥದಲ್ಲಿ ಹನ್ನೆರಡು ಫ್ಲೈಗಳ ವಿವರವಿದೆ. ಮಾರ್ಚ್ ತಿಂಗಳಿಗೆ ಹೇಳಿದ ಮೊದಲನೆಯದಕ್ಕೇ ಮಾಸಲು ಉಣ್ಣೆಯ ದೇಹ, ಗೌಜಲಹಕ್ಕಿಯ ಗರಿಯ ರೆಕ್ಕೆ. ಐದು ಶತಮಾನಗಳ ಹಿಂದಿನ ಆ ಸಾಲನ್ನು ಮೊದಲ ಸಲ ಓದಿದಾಗ ನನ್ನ ಕೈಯಲ್ಲಿದ್ದ ಗರಿಯನ್ನು ಬೇರೆಯೇ ಬಗೆಯಲ್ಲಿ ನೋಡಿದೆ. ಅದಕ್ಕೂ ಬಹಳ ಹಿಂದೆ, ರೋಮನ್ನರ ಕಾಲದಲ್ಲಿ, ಮ್ಯಾಸಿಡೋನಿಯಾದವರು ಕೆಂಪು ಉಣ್ಣೆಯನ್ನು ಕೊಕ್ಕೆಗೆ ಸುತ್ತಿ, ಹುಂಜದ ಎರಡು ಗರಿ ಕಟ್ಟಿ ಚುಕ್ಕೆ ಮೈಯ ಮೀನು ಹಿಡಿಯುತ್ತಿದ್ದರೆಂದು ರೋಮನ್ ಲೇಖಕ ಏಲಿಯನ್ ಬರೆದಿಟ್ಟಿದ್ದಾನೆ.

ಯಾರ್ಕ್‌ಷೈರ್‌ನ ಕಣಿವೆಗಳಲ್ಲಿ ಈ ಮೃದು ಗರಿಯ ಫ್ಲೈಗಳ ಪಟ್ಟಿಗಳು ಕೈಬರಹದಲ್ಲಿ ಮನೆಯಿಂದ ಮನೆಗೆ ಸಾಗಿದವು. 1885ರಲ್ಲಿ ಟಿ. ಇ. ಪ್ರಿಟ್ ಅವನ್ನು ಕಲೆಹಾಕಿ ಅಚ್ಚು ಮಾಡಿಸಿದರು. 1916ರಲ್ಲಿ ಎಡ್ಮಂಡ್ಸ್ ಮತ್ತು ಲೀ ಬ್ರಾಡ್‌ಫರ್ಡ್‌ನಲ್ಲಿ ಪ್ರಕಟಿಸಿದ ಪುಸ್ತಕದ ಕೆಲವು ವಿಶೇಷ ಪ್ರತಿಗಳಲ್ಲಂತೂ ನಿಜವಾದ ಗರಿ ಮತ್ತು ನೂಲಿನ ತುಣುಕುಗಳನ್ನೇ ಸೇರಿಸಿದ್ದರು. ಬಣ್ಣವನ್ನು ಮಾತಿನಲ್ಲಿ ಹೇಳಿ ತೃಪ್ತಿ ಸಿಗದವರು ಮಾಡುವ ಕೆಲಸ ಅದು, ನನಗೆ ಅವರ ಮೇಲೆ ವಿಶೇಷ ಪ್ರೀತಿ. ಸ್ಕಾಟ್ಲೆಂಡಿನ ಡಬ್ಲ್ಯು. ಸಿ. ಸ್ಟೀವರ್ಟ್ 1857ರಲ್ಲೇ, ಫ್ಲೈಯಲ್ಲಿ ವಸ್ತು ಕಡಿಮೆಯಿದ್ದಷ್ಟೂ ಒಳ್ಳೆಯದು ಎಂಬ ಅಭಿಪ್ರಾಯವನ್ನು ಗಟ್ಟಿಯಾಗಿ ಮಂಡಿಸಿದ್ದರು. ದಕ್ಷಿಣದ ಹ್ಯಾಂಪ್‌ಷೈರ್‌ನಲ್ಲಿ, ಸುಣ್ಣಕಲ್ಲಿನ ನೆಲದಿಂದ ಹುಟ್ಟುವ ತಿಳಿನೀರಿನ ಹೊಳೆಗಳ ದಂಡೆಯಲ್ಲಿ, ವಾದ ಬೇರೆ ದಿಕ್ಕಿಗೆ ಹೋಯಿತು. ಫ್ರೆಡರಿಕ್ ಹಾಲ್‌ಫರ್ಡ್ ಮತ್ತು ಅವರ ಅನುಯಾಯಿಗಳು, ಪೂರ್ತಿ ಹೊರಬಂದ ಹುಳುವಿನ ನಿಖರ ಪ್ರತಿರೂಪವನ್ನು ತೇಲಿಸಿ ಹಿಡಿಯುವುದೇ ಶ್ರೇಷ್ಠ ಎಂದರು. 1910ರಲ್ಲಿ ಜಿ. ಇ. ಎಂ. ಸ್ಕ್ಯೂಸ್ ಅದೇ ಹೊಳೆಗಳಲ್ಲಿ ಮುಳುಗುವ ಫ್ಲೈಯ ಪರವಾಗಿ ಬರೆದಾಗ ಎದ್ದ ತಕರಾರು ದಶಕಗಳ ಕಾಲ ಆರಲಿಲ್ಲ. ಎರಡೂ ಕಡೆಯವರು ಬುದ್ಧಿವಂತರು, ಎರಡೂ ಕಡೆಯವರು ನೀರನ್ನು ಬಲ್ಲವರು. ನನ್ನ ಒಲವು ಯಾವ ಕಡೆಗೆ ಎಂಬುದು ಇಷ್ಟು ಹೊತ್ತಿಗೆ ತಿಳಿದಿರುತ್ತದೆ. ವಾರ್ಫ್‌ನಂಥ ಒರಟು ಹರಿವಿನ ನದಿಯಲ್ಲಿ ಕಲ್ಲಿನಿಂದ ಕಲ್ಲಿಗೆ ಹಾರುವ ನೀರು ಯಾವ ಹುಳುವನ್ನೂ ಚಿತ್ರದಲ್ಲಿದ್ದಂತೆ ಉಳಿಸುವುದಿಲ್ಲ, ಅಲ್ಲಿನ ಜನ ಅದನ್ನು ನೋಡಿಯೇ ಕಟ್ಟಿದರು.

ಮೀನಿಗೆ ಕೊಕ್ಕೆ ಚುಚ್ಚುವುದು ಸರಿಯೇ ಎಂದು ಕೇಳುವವರಿದ್ದಾರೆ. ನಾನು ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡುತ್ತೇನೆ, ಹಿಡಿದ ಮೀನನ್ನು ನೀರಿನಿಂದ ಎತ್ತದೆ ಬಿಡುತ್ತೇನೆ. ಇದರಿಂದ ಪ್ರಶ್ನೆ ಮುಗಿಯಿತೆಂದು ನಾನು ತಿಳಿದಿಲ್ಲ, ಕೇಳಿದವರಿಗೆ ಹಾಗೆ ಹೇಳುವುದೂ ಇಲ್ಲ.

ಹಕ್ಕಿಯ ಲೆಕ್ಕ

ನನ್ನನ್ನು ಇನ್ನೂ ಹೆಚ್ಚು ಕಾಡುವ ಪ್ರಶ್ನೆ ಗರಿಯದು. ಬ್ರಿಟನ್ನಿನಲ್ಲಿ ಬೂದು ಗೌಜಲಹಕ್ಕಿಗಳ ಸಂಖ್ಯೆ 1960ರ ದಶಕದ ಕೊನೆಯಿಂದೀಚೆಗೆ ಶೇಕಡ 90ಕ್ಕೂ ಹೆಚ್ಚು ಕುಸಿದಿದೆ. ಬೇಟೆಯೊಂದನ್ನೇ ದೂರಿ ಇದನ್ನು ಮುಗಿಸುವ ಹಾಗಿಲ್ಲ. ಗೌಜಲ ಮರಿಗಳು ಮೊಟ್ಟೆಯಿಂದ ಹೊರಬಂದ ಮೊದಲ ವಾರಗಳಲ್ಲಿ ಹುಳು ತಿಂದೇ ಬದುಕಬೇಕು. ಗೋಧಿ, ಬಾರ್ಲಿ ಹೊಲಗಳಿಗೆ ಕಳೆನಾಶಕ ಬಂದ ಮೇಲೆ ಕಳೆಗಿಡಗಳು ಹೋದವು, ಅವುಗಳನ್ನು ನಂಬಿದ್ದ ಹುಳುಗಳು ಹೋದವು, ಮರಿಗಳು ಹಸಿವಿನಿಂದ ಸತ್ತವು. ಸಸೆಕ್ಸ್‌ನಲ್ಲಿ 1968ರಲ್ಲಿ ಆರಂಭವಾಗಿ ಹೊಲಗಳ ಹುಳುಗಳನ್ನೂ ಹಕ್ಕಿಗಳನ್ನೂ ಎಣಿಸುತ್ತ ಬಂದ ದೀರ್ಘ ಅಧ್ಯಯನವೊಂದು ಈ ಸರಪಳಿಯನ್ನು ತೋರಿಸಿಕೊಟ್ಟಿತು. ನದಿಯಲ್ಲೂ ಇಂಥದ್ದೇ ನಡೆಯಿತು. ಕುರಿಗಳ ಮೈಯ ಉಣ್ಣಿ ತೊಲಗಿಸಲು ಅದ್ದುತ್ತಿದ್ದ ಸೈಪರ್‌ಮೆಥ್ರಿನ್ ದ್ರಾವಣ ಹೊಳೆಗಳಿಗೆ ಸೇರಿ ಹುಳುಗಳನ್ನು ಕೊಂದ ಕಾರಣಕ್ಕೆ 2006ರಲ್ಲಿ ಅದರ ಮಾರಾಟವನ್ನು ತಡೆಹಿಡಿಯಲಾಯಿತು. ಫ್ಲೈಗೆ ಗರಿ ಕೊಡುವ ಹಕ್ಕಿಯೂ, ಫ್ಲೈ ಅನುಕರಿಸುವ ಹುಳುವೂ ಕೃಷಿಗೆ ಬಳಸಿದ ವಿಷಗಳಡಿ ಕುಗ್ಗಿದ್ದನ್ನು ಯೋಚಿಸುತ್ತ ಗರಿ ಕೈಗೆತ್ತಿಕೊಳ್ಳುವುದು ಸುಲಭವಲ್ಲ.

ಹಾಗಾದರೆ ಗೌಜಲ ಗರಿಯನ್ನು ಬಿಟ್ಟುಬಿಡಬೇಕೇ? ಬಣ್ಣ ಹಾಕಿದ ಹೇಂಟೆ ಗರಿ ಬಳಸಿ ಎನ್ನುವವರಿದ್ದಾರೆ. ಬಳಸಿ ನೋಡಿದ್ದೇನೆ, ಮೃದುತ್ವ ಹತ್ತಿರಕ್ಕೆ ಬರುತ್ತದೆ, ಚುಕ್ಕೆ ಬರುವುದಿಲ್ಲ. ನಾನು ಬಿಟ್ಟಿಲ್ಲ, ಅದಕ್ಕೆ ಕಾರಣ ಚುಕ್ಕೆಯೊಂದೇ ಅಲ್ಲ. ಇಂದು ಇಂಗ್ಲೆಂಡಿನಲ್ಲಿ ಈ ಹಕ್ಕಿ ಚೇತರಿಸಿಕೊಂಡಿರುವ ಕಡೆಗಳಲ್ಲಿ ಹೊಲದ ಅಂಚಿಗೆ ಔಷಧಿ ಸಿಂಪಡಿಸದೆ ಬಿಟ್ಟವರು, ಜೀರುಂಡೆಗಳಿಗೆಂದು ಹೊಲದ ನಡುವೆ ಹುಲ್ಲಿನ ದಿಬ್ಬ ಬೆಳೆಸಿದವರು ಇದ್ದಾರೆ. ಅವರಲ್ಲಿ ಹಲವರು ಗೌಜಲನ್ನು ಬೇಟೆಯ ಹಕ್ಕಿಯಾಗಿ ಬಯಸಿದವರೇ. ಬಯಸುವವರಿಲ್ಲದ ಹಕ್ಕಿಗೆ ಯಾರೂ ಹೊಲದ ಅಂಚು ಬಿಟ್ಟುಕೊಡುತ್ತಿರಲಿಲ್ಲವೇನೋ. ನದಿಗಳಲ್ಲೂ ಅಷ್ಟೇ: 2007ರಿಂದ ಗಾಳ ಹಾಕುವವರೇ ತಿಂಗಳಿಗೊಮ್ಮೆ ಹೊಳೆಗಿಳಿದು, ಮೂರು ನಿಮಿಷ ತಳದ ಕಲ್ಲುಗಳನ್ನು ಕಾಲಿನಿಂದ ಕದಡಿ, ಬಲೆಗೆ ಬಂದ ಹುಳುಗಳನ್ನು ಬಿಳಿ ತಟ್ಟೆಯಲ್ಲಿ ಎಣಿಸಿ ದಾಖಲಿಸುತ್ತಿದ್ದಾರೆ. ಲೆಕ್ಕ ಇದ್ದಕ್ಕಿದ್ದಂತೆ ಕುಸಿದರೆ ಪರಿಸರ ಇಲಾಖೆಗೆ ತಿಳಿಸುತ್ತಾರೆ. ನನ್ನ ಬಳಿ ಇರುವ ಗೌಜಲ ಚರ್ಮ ಅಡುಗೆಗೆಂದು ಹೊಡೆದ ಹಕ್ಕಿಯದು, ಸಿಂಪಡಣೆಯಿಲ್ಲದ ಅಂಚುಗಳಿರುವ ಜಮೀನಿನ ಕಾವಲುಗಾರನಿಂದ ಬಂದದ್ದು. ಒಂದು ಚರ್ಮದಲ್ಲಿ ಬಹಳ ವರ್ಷಗಳಿಗಾಗುವಷ್ಟು ಗರಿಗಳಿವೆ. ಅಂಗಡಿಯಿಂದ ಪೊಟ್ಟಣ ಕೊಳ್ಳುವವರು ಹಕ್ಕಿ ಎಲ್ಲಿಯದು ಎಂದು ಕೇಳಬೇಕು, ಹೇಳಲಾರದ ಅಂಗಡಿಯಿಂದ ಕೊಳ್ಳಬಾರದು ಎಂಬುದು ನನ್ನ ಅಭಿಪ್ರಾಯ. ಕೇಳುವವರು ಹೆಚ್ಚಾದರೆ ಅಂಗಡಿಯವರೂ ತಮಗೆ ಮಾರುವವರನ್ನು ಕೇಳತೊಡಗುತ್ತಾರೆ.